ಮೇಲಿನ ಗುಡ್ಡದ ಮರ ಕಡಿದ ಮೇಲೆ ಹಳ್ಳದಲ್ಲಿ ನೀರು ಜಾಸ್ತಿಯಾಗಿದೆ. ಬೇಸಿಗೆಗೂ ಹೀಗೇ ಇರುತ್ತಾ?

ಹಳ್ಳದಂಚಿನ ಮನೆ, ಶಿರಸಿ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ಕೊರೆಯುತ್ತಿದೆ, ತಿಳಿದವರು ಹೇಳಿ.

ನಮ್ಮದು ಘಟ್ಟದ ಅಂಚಿನ ಊರು. ಕಣಿವೆಯಲ್ಲಿ ಅಡಿಕೆ ತೋಟ, ನಡುವೆ ಬಾಳೆ, ಕಾಳುಮೆಣಸು. ತೋಟದ ಪಕ್ಕದಲ್ಲೇ ಹಳ್ಳ. ಅದು ಕೆಳಗಿಳಿದು ಅಘನಾಶಿನಿ ಸೇರುತ್ತದೆ. ಮನೆಗೆ ಮೇಲಿನ ಗುಡ್ಡದ ಒರತೆಯಿಂದ ಅಬ್ಬಿ ನೀರು. ಮಾವನವರ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ ಬರುತ್ತದೆ. ಬೋರ್‌ವೆಲ್ ಇಲ್ಲ. ಇದುವರೆಗೆ ಬೇಕಾಗಿಯೂ ಇರಲಿಲ್ಲ.

ಒರತೆಯ ಮೇಲಿನ ಗುಡ್ಡ ಬೇರೆಯವರ ಮಾಲ್ಕಿ ಜಾಗ. ಮತ್ತಿ, ನಂದಿ, ಹೊನ್ನೆ, ಹಲಸು, ಅದರ ನೆರಳಿನಲ್ಲಿ ಮುರುಗಲು, ದಾಲ್ಚಿನ್ನಿ ಎಲ್ಲ ಇದ್ದ ದಟ್ಟ ಕಾಡು. ಕಳೆದ ಬೇಸಿಗೆಯ ಶುರುವಿನಲ್ಲಿ ಪರವಾನಗಿ ತೆಗೆದುಕೊಂಡು ಕಡಿಸಿದರು. ಜೆಸಿಬಿ ತಂದು ನೆತ್ತಿಯಿಂದ ಬುಡದವರೆಗೆ ನೇರ ರಸ್ತೆ ಬಿಡಿಸಿದರು. ಅದರ ಮೇಲೆ ನಾಟಾ (ಮರದ ದಿಮ್ಮಿ) ಎಳೆದು ಲಾರಿಗೆ ಹಾಕಿದರು. ಟೊಂಗೆ, ಸೊಪ್ಪು ಅಲ್ಲೇ ಬಿದ್ದು ಒಣಗಿದೆ.

ಈ ಮಳೆಗಾಲದಲ್ಲಿ ಹಳ್ಳದ ಗುಣವೇ ಬದಲಾಯಿತು. ಮೊದಲು ಜೋರು ಮಳೆ ಬಂದರೂ ಹಳ್ಳ ಏರಲು ಒಂದಷ್ಟು ಹೊತ್ತು ಹಿಡಿಯುತ್ತಿತ್ತು. ಈಗ ಮಳೆ ಹೊಡೆಯುತ್ತಿದ್ದಂತೆ ಹಳ್ಳದ ಸದ್ದು ಬರುತ್ತದೆ, ಮಳೆ ಬಿಟ್ಟರೆ ಅಷ್ಟೇ ಬೇಗ ಇಳಿಯುತ್ತದೆ. ನೀರು ಆಶ್ಲೇಷಾ ಮಳೆ ಕಳೆದರೂ ಕೆಂಪಾಗಿಯೇ ಇತ್ತು. ತೋಟದ ಕೆಳಗಿನ ಕಪ್ಪುಗಳಲ್ಲಿ (ನೀರು ಬಸಿಯುವ ಕಾಲುವೆ) ಮೊಣಕಾಲುದ್ದ ಮರಳು, ಕೆಮ್ಮಣ್ಣು ತುಂಬಿತು. ಆಳು ಸಿಗದೆ ನಾನೂ ನಮ್ಮನೆಯವರೂ ಸೇರಿ ಎತ್ತಿದೆವು.

ಆದರೆ ಈಗ ದೀಪಾವಳಿ ಕಳೆದಿದೆ, ಹಳ್ಳದಲ್ಲಿ ಪ್ರತಿವರ್ಷಕ್ಕಿಂತ ನೀರು ಜಾಸ್ತಿಯೇ ಇದೆ. ಕಡಿಸಿದವರು ಹೇಳುವುದು ಇಷ್ಟು: “ಮರ ಕುಡಿಯುತ್ತಿದ್ದ ನೀರು ಈಗ ನಿಮಗೇ ಬರ್ತಾ ಇದೆ, ಖುಷಿಪಡಿ.” ಅವರು ಹೇಳುವುದು ನಿಜವಾ? ಈ ನೀರು ಯುಗಾದಿವರೆಗೆ ನಿಲ್ಲುತ್ತಾ? ಆ ಜಾಗಕ್ಕೆ ಅಕೇಶಿಯಾ ಹಾಕುವ ಮಾತಿದೆ, ಅದರಿಂದ ಏನಾಗುತ್ತದೆ? ಮುಂದಿನ ಮಳೆಗಾಲದೊಳಗೆ ನಾವು ಏನಾದರೂ ಮಾಡಬಹುದಾ? ಮನೆಯಲ್ಲಿ ಬೋರ್‌ವೆಲ್ ತೆಗೆಸೋಣ ಅನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ಮಾಲೂರು ರೈತ, ಕೋಲಾರ ಜಿಲ್ಲೆ:

ಅಕ್ಕಾ, ಮರ ನೀರು ಕುಡಿಯುವುದು ಸುಳ್ಳಲ್ಲ. ನಮ್ಮ ಕಡೆ ನೀಲಗಿರಿ ತೋಪುಗಳಿಂದ ಏನಾಯಿತು ಅಂತ ಕಣ್ಣಾರೆ ನೋಡಿದ್ದೇವೆ. ಕೆರೆಯ ಮೇಲ್ಭಾಗಕ್ಕೆಲ್ಲ ನೀಲಗಿರಿ ಹಾಕಿದರು, ಕೆರೆಗೆ ನೀರು ಬರುವುದು ನಿಂತಿತು, ಬಾವಿ ಬತ್ತಿದವು. ಹೊಸಕೋಟೆ ಹತ್ತಿರ ವಿಜ್ಞಾನಿಗಳು ಅಳತೆ ಮಾಡಿದಾಗ ನೀಲಗಿರಿ ಬಿದ್ದ ಮಳೆಗಿಂತ ಜಾಸ್ತಿ ನೀರು ಬಳಸಿದ್ದು ಕಂಡಿತ್ತು. ಆಳದ ಮಣ್ಣಿನಲ್ಲಿ ಹಿಂದಿನಿಂದ ಉಳಿದಿದ್ದ ತೇವವನ್ನೂ ಬೇರು ಎಳೆದುಕೊಂಡಿತ್ತು. ನಮ್ಮ ಪಕ್ಕದ ತೋಪು ಬುಡಸಮೇತ ತೆಗೆಸಿದ ಮೇಲೆ ನಮ್ಮ ಹಳೇ ಬಾವಿಯಲ್ಲಿ ಮತ್ತೆ ನೀರು ಕಾಣಿಸಿತು. ಹಾಗಾಗಿ ಮರ ಕಡಿದರೆ ನೀರು ಹೋಗುತ್ತದೆ ಅಂತ ಒಂದೇ ಮಾತಲ್ಲಿ ಹೇಳಬೇಡಿ.

ಕಾನಂಚಿನ ತೋಟಿಗ, ಸಿದ್ದಾಪುರ:

ತಂಗೀ, ನೀವು ಬರೆದದ್ದು ಓದಿ ಸುಮ್ನೆ ಕೂರಲು ಆಗಲಿಲ್ಲ. ನನ್ನ ತೋಟವೂ ಇಂಥದೇ ಹಳ್ಳ ನಂಬಿಕೊಂಡಿದೆ. ನಮ್ಮ ಮೇಲಿನ ಗುಡ್ಡದ ಒಂದು ಮಗ್ಗುಲಿನಲ್ಲಿ ಕಾನು (ನಿತ್ಯಹಸಿರು ಕಾಡು) ಹಾಗೇ ಉಳಿದಿದೆ, ಇನ್ನೊಂದು ಮಗ್ಗುಲು ಬಹಳ ಹಿಂದೆಯೇ ಬೋಳಾಯಿತು. ಎರಡು ಕಡೆಯ ಹಳ್ಳವನ್ನೂ ನೋಡುತ್ತಾ ತಲೆ ನರೆತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲನೆಯದಾಗಿ, ನಿಮ್ಮ ಕಣ್ಣಿಗೆ ಕಂಡದ್ದು ಸರಿ. ಮರ ಕಡಿದ ಮೊದಲ ವರ್ಷ ಹಳ್ಳದ ನೀರು ಹೆಚ್ಚುತ್ತದೆ. ಬೇರೆ ದೇಶಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಬ್ಬರ್ಡ್ ಬ್ರೂಕ್ ಅಂತ ಒಂದು ಸಂಶೋಧನಾ ಕಾಡಿದೆ. 1965ರ ಕೊನೆಯಲ್ಲಿ ಅಲ್ಲಿ ಒಂದು ಪುಟ್ಟ ಹಳ್ಳದ 15.6 ಹೆಕ್ಟೇರ್ ಜಲಾನಯನದಲ್ಲಿ ಅಷ್ಟೂ ಮರ ಕಡಿದು ಕೆಡವಿದರು. ಮತ್ತೆ ಚಿಗುರಬಾರದು ಅಂತ ಮೂರು ಬೇಸಿಗೆ ಕಳೆನಾಶಕ ಹೊಡೆದರು. ಮೊದಲ ವರ್ಷ ಹಳ್ಳದ ನೀರು ಸುಮಾರು 40 ಶೇಕಡಾ ಹೆಚ್ಚಾಯಿತು. ಜೊತೆಗೆ ನೀರಿನಲ್ಲಿ ನೈಟ್ರೇಟ್ ಹತ್ತಾರು ಪಟ್ಟು ಏರಿತು. ಅಂದರೆ ಮಣ್ಣಿನ ಸಾರ ಕರಗಿ ಹಳ್ಳ ಸೇರಿತು. ಚಿಗುರಲು ಬಿಟ್ಟ ಮೇಲೆ ಆ ಹೆಚ್ಚಿನ ನೀರು ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಪ್ರಯೋಗದಲ್ಲಿ ಕಡಿದ ಮರವನ್ನು ಬಿದ್ದಲ್ಲೇ ಬಿಟ್ಟಿದ್ದರು. ರಸ್ತೆ ಮಾಡಲಿಲ್ಲ, ಒಂದು ದಿಮ್ಮಿಯನ್ನೂ ಎಳೆಯಲಿಲ್ಲ. ನೆಲಕ್ಕೆ ಏಟು ಬೀಳದ ಹಾಗೆ ನೋಡಿಕೊಂಡಿದ್ದರು. ಮರ ಹೋಯಿತು, ನೆಲ ಉಳಿಯಿತು. ನಿಮ್ಮ ಗುಡ್ಡದಲ್ಲಿ ಮರವೂ ಹೋಯಿತು, ಜೆಸಿಬಿ ಬಂದು ನೆಲವೂ ಕೆಟ್ಟಿತು. ನನ್ನ ಮಾತಿನ ತಿರುಳೇ ಇದು. ನಮ್ಮ ಮಲೆನಾಡಿನ ಹಳ್ಳಕ್ಕೆ ಮರ ಎಷ್ಟು ಕುಡಿಯುತ್ತದೆ ಅನ್ನುವುದು ಎರಡನೇ ಲೆಕ್ಕ. ನೆಲ ಎಷ್ಟು ಕುಡಿಯುತ್ತದೆ ಅನ್ನುವುದು ಮೊದಲ ಲೆಕ್ಕ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಮುಗಿಯುತ್ತದೆ. ಆ ದಿನಗಳಲ್ಲಿ ಬಿಸಿಲಿಲ್ಲ, ಗಾಳಿಯೇ ಒದ್ದೆ. ಒಗೆದ ಬಟ್ಟೆ ಒಣಗುವುದಿಲ್ಲ, ಅಂಥದ್ದರಲ್ಲಿ ಎಲೆಯಿಂದ ನೀರು ಎಷ್ಟು ಆರೀತು? ಕಾಡಿರಲಿ ಬೋಳು ಗುಡ್ಡವಿರಲಿ, ಮಳೆಗಾಲದಲ್ಲಿ ಆವಿಯಾಗುವ ನೀರಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಬಿದ್ದ ಮಳೆ ಮೇಲಿಂದ ಮೇಲೇ ಓಡುತ್ತದೋ ಒಳಗೆ ಇಳಿಯುತ್ತದೋ ಅನ್ನುವುದರಲ್ಲಿ.

ಇದನ್ನು ನಮ್ಮ ಉತ್ತರ ಕನ್ನಡದಲ್ಲೇ ಅಳೆದಿದ್ದಾರೆ. ಜಗದೀಶ್ ಕೃಷ್ಣಸ್ವಾಮಿ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು 2003ರಿಂದ 2005ರವರೆಗೆ ಕರಾವಳಿಯಲ್ಲೂ ಘಟ್ಟದ ಮೇಲೂ 11 ಪುಟ್ಟ ಜಲಾನಯನಗಳನ್ನು ಅಳತೆಗೆ ಹಿಡಿದರು. ಒಂದೊಂದೂ 7ರಿಂದ 23 ಹೆಕ್ಟೇರ್. ಕೆಲವು ಸಹಜ ಕಾಡು, ಕೆಲವು ಬಳಸಿ ಬಳಸಿ ಹಾಳಾದ ಕಾಡು, ಕೆಲವು ಅಕೇಶಿಯಾ ನೆಡುತೋಪು. ಮಲೆನಾಡಿನಲ್ಲಿ ಮಳೆಗಾಲದ ಮಳೆಯಲ್ಲಿ ನೆಲದಾಳಕ್ಕೆ ಇಳಿದದ್ದು ಸಹಜ ಕಾಡಿನಲ್ಲಿ 61 ಶೇಕಡಾ, ಅಕೇಶಿಯಾದಲ್ಲಿ 55, ಹಾಳಾದ ಕಾಡಿನಲ್ಲಿ 36. ಕರಾವಳಿಯಲ್ಲಿ ಅದೇ ಕ್ರಮದಲ್ಲಿ 50, 46, 35. ಅಡಿಕೆ ತೋಟಕ್ಕೂ ಗದ್ದೆಗೂ ನೀರು ಕೊಡುವ ಸ್ವಲ್ಪ ದೊಡ್ಡ ಹಳ್ಳಗಳನ್ನೂ ನೋಡಿದ್ದರು. ಮೇಲೆ ಕಾಡು ಜಾಸ್ತಿ ಇದ್ದ ಹಳ್ಳ ಬೇಸಿಗೆಯೊಳಗೆ ಹೆಚ್ಚು ದಿನ ಹರಿಯಿತು. ನಿಮ್ಮ ಯುಗಾದಿಯ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉತ್ತರ ನನ್ನ ಬಳಿ ಇಲ್ಲ.

61 ಮತ್ತು 36ರ ನಡುವಿನ ಆ 25 ಎಲ್ಲಿ ಹೋಯಿತು? ನಿಮ್ಮ ಕಪ್ಪಿನಲ್ಲಿ ಕೆಮ್ಮಣ್ಣು ತಂದು ಹಾಕಿದ ನೀರು ಅದೇ. ಏಪ್ರಿಲ್‌ನಲ್ಲಿ ಒರತೆಯಲ್ಲಿ ಬರಬೇಕಾದದ್ದು ಜುಲೈನಲ್ಲೇ ಓಡಿಹೋಯಿತು. ಬೆಳೆ ಬರುವ ಮೊದಲೇ ಮುಂಗಡ ತಂದು ಖರ್ಚು ಮಾಡಿದ ಹಾಗೆ. ದೀಪಾವಳಿಗೆ ಕಾಣುವ ಹೆಚ್ಚಿನ ನೀರು ನೋಡಿ ಧೈರ್ಯ ತಂದುಕೊಳ್ಳಬೇಡಿ. ಮಣ್ಣಿನ ಕಸುವು ಒಂದೇ ವರ್ಷಕ್ಕೆ ಪೂರ್ತಿ ಸಾಯುವುದಿಲ್ಲ. ಹಳೇ ಬೇರಿನ ದಾರಿ, ಗೆದ್ದಲು, ಇರುವೆ ಕೊರೆದ ಬಿಲ ಇನ್ನೂ ಇವೆ. ನೆರಳಿಲ್ಲದೆ, ಹೊಸ ದರಕು (ಒಣ ಎಲೆ) ಬೀಳದೆ, ದನ ತುಳಿದು ಅವು ಮುಚ್ಚುತ್ತಾ ಹೋಗುತ್ತವೆ. ಎರಡನೇ, ಮೂರನೇ ವರ್ಷ ನೋಡಬೇಕು.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಒಂದು ಹಳೇ ಎಣ್ಣೆ ಡಬ್ಬದ ತಳ, ಮೇಲು ಎರಡೂ ಕತ್ತರಿಸಿ. ಉಳಿದ ಕಾಡಿಗೆ ಹೋಗಿ ದರಕು ಸರಿಸದೆ ಡಬ್ಬವನ್ನು ನಾಲ್ಕು ಬೆರಳು ಆಳಕ್ಕೆ ತಿರುವಿ ಕೂರಿಸಿ. ಒಂದು ಚೊಂಬು ನೀರು ಹೊಯ್ಯಿರಿ. ಅದೇ ಡಬ್ಬವನ್ನು ನಾಟಾ ಎಳೆದ ದಾರಿಯಲ್ಲಿ ಕೂರಿಸಿ, ಅದೇ ಚೊಂಬು ಹೊಯ್ಯಿರಿ. ನಾನು ಮೊಮ್ಮಕ್ಕಳನ್ನು ಕಟ್ಟಿಕೊಂಡು ನಮ್ಮ ಎರಡು ಮಗ್ಗುಲಲ್ಲೂ ಮಾಡಿದ್ದೇನೆ. ಕಾನಿನಲ್ಲಿ ಚೊಂಬು ಕೆಳಗಿಟ್ಟು ನೋಡುವಷ್ಟರಲ್ಲಿ ನೀರು ಇಲ್ಲ, ದರಕಿನ ಮೇಲೆ ಬರೀ ಪಸೆ. ಲಾರಿ ಹೋದ ದಾರಿಯಲ್ಲಿ ಡಬ್ಬ ಕೂರಿಸಲಿಕ್ಕೇ ಆಗಲಿಲ್ಲ, ಸುತ್ತಿಗೆ ಬೇಕಾಯಿತು. ನಾವು ಮನೆಗೆ ಹೋಗಿ ಚಹಾ ಕುಡಿದು ಬಂದಾಗಲೂ ಡಬ್ಬದಲ್ಲಿ ಕೆಂಪು ನೀರು ನಿಂತೇ ಇತ್ತು. ಮಕ್ಕಳಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ.

ಆ ದಾರಿಯೇ ನಿಮ್ಮ ದೊಡ್ಡ ಶತ್ರು. ಗುಡ್ಡದ ಅಷ್ಟೂ ಜಾಗದಲ್ಲಿ ರಸ್ತೆಯ ಪಾಲು ಕಡಿಮೆ ಇರಬಹುದು. ಆದರೆ ನೆತ್ತಿಯಿಂದ ಬುಡಕ್ಕೆ ನೇರ ಇಳಿದ ರಸ್ತೆ ಮಳೆಗಾಲದಲ್ಲಿ ಇನ್ನೊಂದು ಹಳ್ಳವೇ ಆಗುತ್ತದೆ. ಪಕ್ಕದ ಇಳಿಜಾರಿನ ನೀರೆಲ್ಲ ಅದಕ್ಕೆ ಸೇರಿ, ಮಣ್ಣು ಕೊರೆದುಕೊಂಡು ನಿಮ್ಮ ಹಳ್ಳಕ್ಕೆ ಬಂದು ಬೀಳುತ್ತದೆ. ಮಳೆ ಹೊಡೆಯುತ್ತಿದ್ದಂತೆ ಸದ್ದು ಬರುವುದು ಇದಕ್ಕೇ.

ಮಾಲೂರಿನ ಅಣ್ಣ ಹೇಳಿದ್ದೂ ಸುಳ್ಳಲ್ಲ. ಅವರ ಕಡೆ ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಿಸಿಲಿನ ನಡುವೆ ಬಿಟ್ಟು ಬಿಟ್ಟು ಬರುವ ಮಳೆ. ಅಲ್ಲಿ ಆಳದ ಬೇರಿನ ನೀಲಗಿರಿ ಒತ್ತೊತ್ತಾಗಿ ಹಾಕಿದರೆ ಮರ ಕುಡಿಯುವ ಲೆಕ್ಕವೇ ಮೇಲಾಗುತ್ತದೆ. ಘಟ್ಟದ ಅಂಚಿನಲ್ಲಿ ಅದರ ಮೂರು ನಾಲ್ಕು ಪಟ್ಟು ಮಳೆ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಅವರ ಗದ್ದೆಯ ಪಾಠ ಅವರ ಗದ್ದೆಗೆ, ನಮ್ಮದು ನಮಗೆ.

ಅಕೇಶಿಯಾ ಬಗ್ಗೆ. ಮೇಲಿನ ಅಂಕಿ ನೋಡಿದರೆ ಹಾಳಾದ ಕಾಡಿಗಿಂತ ಅಕೇಶಿಯಾ ವಾಸಿ. ಇದನ್ನು ಒಪ್ಪಿಕೊಳ್ಳಲು ನಮ್ಮ ಕಡೆ ಅನೇಕರಿಗೆ ಕಷ್ಟ, ಆದರೆ ಅಳತೆ ಹೇಳುವುದು ಹಾಗೆ. ನನ್ನ ತಕರಾರು ಬೇರೆ. ಅಕೇಶಿಯಾ ಹಾಕುವುದೇ ಕಡಿಯಲಿಕ್ಕೆ. ನೆಲ ಸುಧಾರಿಸಿಕೊಳ್ಳುತ್ತಿರುವಾಗ ಮತ್ತೆ ಜೆಸಿಬಿ, ಮತ್ತೆ ಲಾರಿ. ಕಡಿದ ಬುಡಗಳೇ ಚಿಗುರಲು ಬಿಟ್ಟರೆ ಒಳ್ಳೆಯದು. ಮತ್ತಿ, ನಂದಿ, ಹೊನ್ನೆ ಎಲ್ಲ ಬುಡದಿಂದ ಚಿಗುರುವ ಜಾತಿ. ಹಳೇ ಬೇರು ಜೀವಂತ ಇದ್ದರೆ ಗುಡ್ಡವನ್ನೂ ಹಿಡಿದಿಡುತ್ತದೆ.

ಬೇರಿನ ಮಾತು ಬಂತು, ಒಂದು ಭಯದ ವಿಷಯವನ್ನೂ ಹೇಳಬೇಕು. ಸತ್ತ ಮರದ ಬೇರು ತಕ್ಷಣ ಕೊಳೆಯುವುದಿಲ್ಲ. ಕೆಲವು ವರ್ಷ ಹಿಡಿಯುತ್ತದೆ. ಹಳೇ ಬೇರು ಕೊಳೆತು, ಹೊಸ ಬೇರು ಇನ್ನೂ ಗಟ್ಟಿಯಾಗದ ಆ ನಡುವಿನ ವರ್ಷಗಳಲ್ಲೇ ಕಡಿದಾದ ಗುಡ್ಡ ಜಾರುವ ಅಪಾಯ ಜಾಸ್ತಿ. 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಮಣ್ಣಿನಡಿ ಹೋದವು. ಅದಕ್ಕೆ ಮರ ಕಡಿದದ್ದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಸುರಿದ ಮಳೆಯೇ ವಿಪರೀತ. ಆದರೆ ಅಂಥ ಮಳೆ ನಿಮ್ಮ ಗುಡ್ಡದ ಮೇಲೂ ಒಂದು ವರ್ಷ ಬರಬಹುದು ಅಂತ ಲೆಕ್ಕ ಹಾಕಿಕೊಂಡೇ ಕೆಲಸ ಮಾಡಬೇಕು.

ಈಗ ಮಾಡಬೇಕಾದ್ದು. ಮೊದಲು ಆ ದಾರಿಯನ್ನು ಕಡಿದು ಹಾಕಿ. ಪ್ರತಿ ಹತ್ತಿಪ್ಪತ್ತು ಮಾರಿಗೆ ಒಂದರಂತೆ ದಾರಿಗೆ ಅಡ್ಡ, ಸ್ವಲ್ಪ ಓರೆಯಾಗಿ ಮಣ್ಣಿನ ದಿಂಡು ಕಟ್ಟಿ, ನೀರು ಪಕ್ಕದ ಸೊಪ್ಪು ಇರುವ ನೆಲಕ್ಕೆ ತಿರುಗುವಂತೆ ಮಾಡಿ. ಬಿದ್ದಿರುವ ಟೊಂಗೆಗಳನ್ನು ಇಳಿಜಾರಿಗೆ ಅಡ್ಡಡ್ಡ ಸಾಲಾಗಿ ಒಟ್ಟಿ, ಹಿಂದೆ ಸೊಪ್ಪು ತುಂಬಿ. ಅದಕ್ಕೆ ಬೆಂಕಿ ಹಾಕಲು ಬಿಡಲೇಬೇಡಿ. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ನೆಲದ ಉಳಿದ ಜೀವವೂ ಹೋಗುತ್ತದೆ. ದನ ಎರಡು ಮೂರು ವರ್ಷ ಅತ್ತ ಹೋಗದ ಹಾಗೆ ಮುಳ್ಳುಬೇಲಿ ಹಾಕಿ. ಹಳ್ಳದ ಎರಡೂ ದಂಡೆಯ ಮರ ಉಳಿದಿದ್ದರೆ ಮುಟ್ಟಬೇಡಿ.

ಇಂಗುಗುಂಡಿ ತೋಡಿ ಅಂತ ಯಾರಾದರೂ ಹೇಳಿದರೆ ನಿಂತು ಯೋಚಿಸಿ. ಸಪಾಟು ಜಾಗಕ್ಕೆ ಅದು ಬಹಳ ಒಳ್ಳೆಯದು. ಹೊಸದಾಗಿ ಬೋಳಾದ ಕಡಿದಾದ ಇಳಿಜಾರಿನಲ್ಲಿ, ಅದೂ ಮನೆಯ ನೆತ್ತಿಯ ಮೇಲೆ, ನೀರು ನಿಲ್ಲಿಸುವ ಗುಂಡಿ ಬೇಡ. ಸಡಿಲ ಮಣ್ಣಿಗೆ ಭಾರ ತುಂಬಿದಂತಾಗುತ್ತದೆ. ಅಲ್ಲಿ ನೀರಿನ ಓಟ ನಿಧಾನ ಮಾಡಿದರೆ ಸಾಕು.

ಬೋರ್‌ವೆಲ್‌ಗೆ ನಿಮಗೆ ಮನಸ್ಸಿಲ್ಲ ಅಂದಿರಿ. ನನಗೂ ಇಲ್ಲ. ಒರತೆ ತುಂಬುವುದೂ ಬೋರ್‌ವೆಲ್ ತುಂಬುವುದೂ ಅದೇ ಗುಡ್ಡಕ್ಕೆ ಇಳಿದ ನೀರಿನಿಂದ.

ಗಜನಿ ಗದ್ದೆ, ಕುಮಟಾ:

ನಾನು ನಿಮ್ಮ ಹಳ್ಳದ ಇನ್ನೊಂದು ತುದಿಯಲ್ಲಿ ಇದ್ದೇನೆ. ಮೇಲಿನವರು ಮಾತಾಡುವಾಗ ಕೆಳಗಿನವರೂ ಒಂದು ಮಾತು ಹೇಳಬೇಕು ಅನಿಸಿತು.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶರಾವತಿಯಲ್ಲಿ ಮೇಲಿನಿಂದ ಬಂದ ಮಣ್ಣು ಎಷ್ಟೋ ಲಿಂಗನಮಕ್ಕಿಯಲ್ಲೇ ತಡೆಯುತ್ತದೆ. ನಮ್ಮಲ್ಲಿ ಘಟ್ಟದ ಮೇಲೆ ಎದ್ದ ಮಣ್ಣು ತಡೆಯಿಲ್ಲದೆ ತದಡಿ ಕಡೆಯ ಅಳಿವೆವರೆಗೆ ಬರುತ್ತದೆ. ಸ್ವಲ್ಪ ಗೋಡು (ನೀರು ಹೊತ್ತು ತರುವ ಮೆಕ್ಕಲು) ಬರಬೇಕು, ಅದರಿಂದಲೇ ಗಜನಿ ಗದ್ದೆಗೆ ಕಸುವು. ಕಗ್ಗ ಭತ್ತ ಗೊಬ್ಬರ ಇಲ್ಲದೆ ಉಪ್ಪುನೀರಿನ ಗದ್ದೆಯಲ್ಲಿ ಬೆಳೆಯುವುದು ಅದರಿಂದಲೇ. ಆದರೆ ಕೆಂಪು ಜಿಗಟು ಮಣ್ಣು ಒಮ್ಮೆಲೇ ಬಂದು ಕೂತರೆ ಚಿಪ್ಪಿಕಲ್ಲು ಉಸಿರು ಕಟ್ಟಿ ಸಾಯುತ್ತವೆ. ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು (ಇದೂ ಚಿಪ್ಪಿನ ಜೀವಿಯೇ) ಹೆಕ್ಕಿ ಮಾರಿ ಮನೆ ನಡೆಸುವ ಹೆಂಗಸರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ನಿಮ್ಮ ಗುಡ್ಡ ಎಲ್ಲಿದೆ ಅಂತ ಗೊತ್ತಿಲ್ಲ, ಆದರೆ ನೀರಿನ ಬಣ್ಣ ನೋಡಿ ಮೇಲೆ ಏನೋ ಆಗಿದೆ ಅಂತ ಹೇಳುತ್ತಾರೆ.

ಇನ್ನೊಂದು ಬೇಸಿಗೆಯ ವಿಷಯ. ಮಾರ್ಚ್, ಏಪ್ರಿಲ್‌ನಲ್ಲಿ ಮೇಲಿನಿಂದ ಸಿಹಿನೀರು ಬರುತ್ತಿದ್ದರೆ ಉಪ್ಪುನೀರು ಒಂದು ಮಿತಿಯಲ್ಲಿ ನಿಲ್ಲುತ್ತದೆ. ಹೊಳೆ ಸಣಕಲಾದರೆ ಉಪ್ಪು ಒಳಗೊಳಗೆ ಏರುತ್ತದೆ, ದಡದ ಬಾವಿ ನೀರು ಬಾಯಿಗೆ ಹಾಕಲು ಆಗುವುದಿಲ್ಲ. ಎಲ್ಲವನ್ನೂ ಮರ ಕಡಿದವರ ತಲೆಗೆ ಕಟ್ಟುವುದಿಲ್ಲ. ಮರಳು ತೆಗೆಯುವುದು, ಒಡ್ಡು ಕಟ್ಟುವುದು, ಸಿಗಡಿ ಹೊಂಡ, ಇವೂ ಸೇರಿವೆ. ಆದರೂ ಘಟ್ಟದ ಮೇಲಿನವರು ಮರ ಕಡಿಯುವಾಗ ನಮ್ಮನ್ನೂ ಒಮ್ಮೆ ನೆನೆಸಿಕೊಳ್ಳಲಿ.

ಹಳೇ ಮಾಸ್ತರು, ಶಿರಸಿ:

ಮಗಳೇ, ನಿಮ್ಮ ಪ್ರಶ್ನೆ ನಮ್ಮ ತಾಲ್ಲೂಕಿಗೆ ಹೊಸದಲ್ಲ. 1983ರ ಸೆಪ್ಟೆಂಬರ್ 8ರಂದು ಸಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡದ್ದು ಇದೇ ಕಾರಣಕ್ಕೆ. ಹಿಮಾಲಯದ ಚಿಪ್ಕೋ ಸುದ್ದಿ ಇಲ್ಲಿಗೂ ಬಂದಿತ್ತು, ಪಾಂಡುರಂಗ ಹೆಗಡೆಯವರಂಥವರು ಊರೂರು ತಿರುಗುತ್ತಿದ್ದರು. ಆದರೆ ಜನ ಹೊರಟದ್ದು ಘೋಷಣೆ ಕೇಳಿ ಅಲ್ಲ. ಸಹಜ ಕಾಡು ಸವರಿ ತೇಗ ಹಾಕಿದ ಕಡೆ ಹಳ್ಳ ಬತ್ತಿದ್ದನ್ನು ಅವರೇ ನೋಡಿದ್ದರು. ತೋಟಕ್ಕೆ ಸೊಪ್ಪಿಲ್ಲ, ದರಕಿಲ್ಲ, ನೀರಿಲ್ಲ ಅಂದರೆ ಅಡಿಕೆ ಬೆಳೆಯುವವರು ಎಲ್ಲಿಗೆ ಹೋಗಬೇಕು?

ಆಗ ಕಡಿಯುವ ಕ್ರಮ ಹೇಗಿತ್ತು ಅಂದರೆ, ಕೂಪಿನಲ್ಲಿ (ಕಡಿಯಲು ಗೊತ್ತುಮಾಡಿದ ಕಾಡಿನ ತುಂಡು) ಆಯ್ದ ಮರಕ್ಕೆ ಮಾತ್ರ ಗುರುತು ಹಾಕುತ್ತಿದ್ದರು. ಕಾಗದದಲ್ಲಿ ನೋಡಿದರೆ ಕಾಡು ಉಳಿಯುತ್ತದೆ ಅನಿಸಬೇಕು. ಆದರೆ ಒಂದು ದೊಡ್ಡ ಮರ ಬೀಳುವಾಗ ಬಳ್ಳಿ ಎಳೆದುಕೊಂಡು ಪಕ್ಕದ ನಾಲ್ಕಾರು ಮರಗಳನ್ನೂ ಮುರಿದು ಹಾಕುತ್ತಿತ್ತು. ಅದನ್ನು ಹೊರತೆಗೆಯುವ ದಾರಿಗೆ ಇನ್ನಷ್ಟು ಮರ. ಸಿದ್ದಾಪುರದವರು ದಾರಿಯ ಬಗ್ಗೆ ಬರೆದದ್ದು ಅಕ್ಷರಶಃ ನಿಜ. ಜನ ಆ ದಿನಗಳಲ್ಲಿ ಅರಣ್ಯ ಇಲಾಖೆಯವರನ್ನು ಕರೆದುಕೊಂಡು ಹೋಗಿ ತೋರಿಸಿದ್ದೇ ಈ ಹಾನಿಯನ್ನು. ಮುಂದೆ ಪಶ್ಚಿಮ ಘಟ್ಟದ ಸಹಜ ಕಾಡಿನಲ್ಲಿ ಹಸಿ ಮರ ಕಡಿಯುವುದನ್ನು ಸರ್ಕಾರ ನಿಲ್ಲಿಸಿತು.

ಸರ್ಕಾರಿ ಕಾಡಿನಲ್ಲಿ ನಿಂತದ್ದು ಮಾಲ್ಕಿ ಜಾಗದಲ್ಲಿ ಅಲ್ಲಲ್ಲಿ ನಡೆಯುತ್ತಲೇ ಇದೆ. ಹೆಣ್ಣುಮಕ್ಕಳು ಸೇರಿ ಮಾತಾಡಿ. ಅಂದೂ ಮೊದಲು ಮಾತೆತ್ತಿದವರಲ್ಲಿ ಹೆಂಗಸರು ಕಡಿಮೆ ಇರಲಿಲ್ಲ.

ಹಳ್ಳದಂಚಿನ ಮನೆ, ಶಿರಸಿ ತಾಲ್ಲೂಕು:

ಎಲ್ಲರಿಗೂ ತುಂಬಾ ಧನ್ಯವಾದ. ಡಬ್ಬದ ಪರೀಕ್ಷೆ ನಿನ್ನೆ ಮಾಡಿದೆವು. ಒರತೆಯ ಪಕ್ಕ ಉಳಿದಿರುವ ರಾಮಪತ್ರೆ ಮರದ ಬುಡದಲ್ಲಿ ನೀರು ಹೊಯ್ದ ಸದ್ದು ನಿಲ್ಲುವ ಮೊದಲೇ ಇಂಗಿತು. ದಾರಿಯಲ್ಲಿ ನಿಂತೇ ಇತ್ತು. ನಮ್ಮನೆಯವರು ಬೋರ್‌ವೆಲ್ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ.

ಎರಡು ತೊಡಕು. ಜಾಗ ನಮ್ಮದಲ್ಲ. ಅವರ ಜೊತೆ ಜಗಳ ಮಾಡಿಕೊಂಡು ಊರಲ್ಲಿ ಬದುಕಲು ಆಗುವುದಿಲ್ಲ, ಅವರು ನಮ್ಮ ದೂರದ ನೆಂಟರೂ ಹೌದು. ಇನ್ನೊಂದು, ನಾವು ಮಾಡಿದ್ದರಿಂದ ನೀರು ಸುಧಾರಿಸಿತಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಪ್ರತಿವರ್ಷ ಮಳೆಯೇ ಬೇರೆ ಬೇರೆ ಇರುತ್ತದಲ್ಲ?

ಕಾನಂಚಿನ ತೋಟಿಗ, ಸಿದ್ದಾಪುರ:

ಒಳ್ಳೇ ಪ್ರಶ್ನೆ ತಂಗೀ.

ನೆಂಟರ ವಿಷಯ ಮೊದಲು. ಮಾಲ್ಕಿ ಜಾಗದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕಡಿಯಲು ಒಪ್ಪಿಗೆ ಕೊಡುವಾಗ ಬದಲಿ ಗಿಡ ಬೆಳೆಸಬೇಕು ಅಂತ ಷರತ್ತು ಹಾಕಬಹುದು. ಅವರ ಪರವಾನಗಿಯಲ್ಲಿ ಏನು ಬರೆದಿದೆ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಆದರೆ ಅದನ್ನು ಹಿಡಿದುಕೊಂಡೇ ಅವರ ಮನೆಗೆ ಹೋಗಬೇಡಿ. ಮೊದಲು ಅವರನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿ. ಡಬ್ಬ ಅವರ ಕೈಯಲ್ಲೇ ಕೂರಿಸಿ. ದಾರಿಗೆ ದಿಂಡು ಕಟ್ಟುವ ಆಳಿನ ಖರ್ಚು ನಾವು ಕೊಡುತ್ತೇವೆ, ಬುಡ ಚಿಗುರಲು ಬಿಡಿ ಅಂತ ಕೇಳಿ. ಅವರಿಗೂ ಆ ಗುಡ್ಡದ ಮಣ್ಣು ಬೇಕು, ಹೊಳೆಗೆ ಹೋದರೆ ಅವರಿಗೇನು ಲಾಭ? ಹಳ್ಳದ ಕೆಳಗಿನ ತೋಟದವರನ್ನೂ ಕರೆಯಿರಿ. ಒಬ್ಬರೇ ಹೇಳಿದರೆ ಜಗಳ ಅನಿಸುತ್ತದೆ, ಏಳೆಂಟು ಮನೆಯವರು ಹೇಳಿದರೆ ಊರಿನ ಮಾತಾಗುತ್ತದೆ. ಕೆಲಸ ಫೆಬ್ರವರಿಯೊಳಗೆ ಮುಗಿಸಿ. ಆಮೇಲೆ ಮಣ್ಣು ಒಣಗಿ ಗುದ್ದಲಿ ಇಳಿಯುವುದಿಲ್ಲ.

ಅಳತೆಯ ವಿಷಯ. ಒಂದು ಹಳ್ಳ ಮಾತ್ರ ನೋಡಿದರೆ ಮಳೆಯ ವ್ಯತ್ಯಾಸವೋ ಗುಡ್ಡದ ವ್ಯತ್ಯಾಸವೋ ತಿಳಿಯುವುದಿಲ್ಲ. ನೀವು ಹೇಳಿದ್ದು ಸರಿ. ಅದಕ್ಕೇ ಎರಡು ಹಳ್ಳ ನೋಡಬೇಕು. ಹತ್ತಿರದಲ್ಲೇ ಮೇಲೆ ಕಾನು ಉಳಿದಿರುವ, ಸುಮಾರು ನಿಮ್ಮದರಷ್ಟೇ ದೊಡ್ಡ ಇನ್ನೊಂದು ಹಳ್ಳ ಇದ್ದೇ ಇರುತ್ತದೆ. ಎರಡಕ್ಕೂ ಒಂದೇ ಮಳೆ. ಸಂಶೋಧಕರು ಮಾಡುವುದೂ ಇದನ್ನೇ, ದೊಡ್ಡ ಉಪಕರಣ ಇಟ್ಟುಕೊಂಡು.

ನಿಮಗೆ ಉಪಕರಣ ಬೇಡ. ಅಬ್ಬಿ ಪೈಪಿನ ಬಾಯಿಗೆ ಕೊಡ ಇಟ್ಟು ತುಂಬಲು ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ನೋಡಿ. ಒರತೆಯಿಂದ ಬರುವ ಅಷ್ಟೂ ನೀರು ಪೈಪಿಗೆ ಸೇರುತ್ತಿರಬೇಕು, ಪಕ್ಕದಲ್ಲಿ ಚೆಲ್ಲಿ ಹೋಗುತ್ತಿದ್ದರೆ ಲೆಕ್ಕ ತಪ್ಪುತ್ತದೆ. ಹಳ್ಳಕ್ಕೆ ಬಂಡೆ ಇರುವ ಕಿರಿದಾದ ಜಾಗ ಆರಿಸಿ, ಬಂಡೆಗೆ ಪೇಂಟಿನಲ್ಲಿ ಗೀಟು ಹಾಕಿ. ಮಳೆಗಾಲದಲ್ಲಿ ಎಲ್ಲಿಯವರೆಗೆ ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಅಂತ ಬರೆಯಿರಿ. ಒಂದು ಗಾಜಿನ ಬಾಟಲಿಯಲ್ಲಿ ನೀರು ತುಂಬಿ ರಾತ್ರಿ ಬಿಟ್ಟು, ತಳದಲ್ಲಿ ಕೂತ ಮಣ್ಣು ಎಷ್ಟು ಬೆರಳು ಅಂತ ಬರೆಯಿರಿ. ಮಳೆಗಾಲದಲ್ಲಿ ದೊಡ್ಡ ಮಳೆಯ ಮರುದಿನ, ಬೇಸಿಗೆಯಲ್ಲಿ ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಸಾಕು, ನೆನಪಿಡಲು ಸುಲಭ. ಇನ್ನೊಂದು ಹಳ್ಳಕ್ಕೂ ಇದನ್ನೇ ಮಾಡಿ. ಅಲ್ಲಿಯೂ ಅಡಿಕೆ ತೋಟದವರು ಇದ್ದರೆ ಅವರ ಮನೆಯ ಮಕ್ಕಳಿಗೆ ಒಪ್ಪಿಸಿ.

ಎಲ್ಲಕ್ಕಿಂತ ಮುಖ್ಯವಾಗಿ ಒಂದು ದಿನಾಂಕ ಬರೆದಿಡಿ. ಎರಡೂ ಹಳ್ಳಗಳಲ್ಲಿ ಬಂಡೆ ಬಂಡೆಯ ನಡುವೆ ನೀರು ಹರಿಯುವುದು ನಿಂತು ಗುಂಡಿ ಗುಂಡಿಯಾಗುವ ದಿನ. ಈಗ ಎರಡರ ನಡುವೆ ಎಷ್ಟು ದಿನದ ಅಂತರ ಇದೆ, ಮೂರು ವರ್ಷ ಬಿಟ್ಟು ಎಷ್ಟಿದೆ ಅಂತ ನೋಡಿದರೆ ನಿಮ್ಮ ಕೆಲಸ ಫಲ ಕೊಟ್ಟಿತೋ ಇಲ್ಲವೋ ಗೊತ್ತಾಗುತ್ತದೆ. ಈ ಬೇಸಿಗೆಯ ದಿನಾಂಕ ಇಲ್ಲಿ ಹಾಕಿ. ನಮ್ಮ ಎರಡು ಮಗ್ಗುಲಿನದನ್ನೂ ನಾನು ಹಾಕುತ್ತೇನೆ. ಕುಮಟಾದವರು ಬಾವಿಗೆ ಉಪ್ಪು ತಟ್ಟಿದ ದಿನ ಬರೆದರೆ ಇನ್ನೂ ಒಳ್ಳೆಯದು.

ಗಜನಿ ಗದ್ದೆ, ಕುಮಟಾ:

ಬರೆಯುತ್ತೇನೆ. ನಮ್ಮ ಬಾವಿ ಒಂದೇ ಅಲ್ಲ, ದಡದ ಮೇಲಿನ ನಾಲ್ಕು ಮನೆಯವರ ಬಾವಿಯದ್ದೂ ಕೇಳಿ ಹಾಕುತ್ತೇನೆ.